ಅಣ್ಣನ ನಾಲಿಗೆಗೆ ಬಾರದ ಲಾರಿ

ಮೊನ್ನೆ ನಮ್ಮ ಓಣಿಗೆ ಫರಶಿ ಕಲ್ಲು ತುಂಬಿದ ಲಾರಿಯೊಂದು ಬಂದು ನಿಂತಿತ್ತು. ಬಿಸಿ ಡೀಸೆಲ್ಲಿನ ಜೊತೆ ಕಲ್ಲಿನ ಪುಡಿಯ ವಾಸನೆ ಅಡುಗೆಮನೆಯವರೆಗೂ ಬಂತು. ಅಣ್ಣ ಕೆಲಸದಿಂದ ಬಂದಾಗ ಅವನ ಅಂಗಿಗೂ ಅದೇ ವಾಸನೆ ಇರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ನನಗೆ ಗೊತ್ತಾಗಲಿಲ್ಲ...

ಅಣ್ಣ ಶಹಾಬಾದಿನ ಕಲ್ಲಿನ ಗಣಿಯೊಂದರಲ್ಲಿ ಲಾರಿಗಳಿಗೆ ಫರಶಿ ತುಂಬಿಸುತ್ತಿದ್ದ. ಅವನಿಗೆ ಹೆಣ್ಣು ಗೊತ್ತಾದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹುಡುಗಿಯ ಅಪ್ಪ ಗಾರ್ಡು. ಆ ಮನೆಯಲ್ಲೊಂದು ರೂಢಿಯಿತ್ತು. ಊಟವಾದ ಮೇಲೆ ಬಂದವರಿಗೆ ಎಲೆ ಅಡಿಕೆ ಕೊಟ್ಟು, ನಾಲಿಗೆ ತೊಡರುವಂಥ ಒಂದು ಇಂಗ್ಲಿಷ್ ಮಾತು ಹೇಳಿಸುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ಅಣ್ಣನ ಪಾಲಿಗೆ ಬಂದದ್ದು 'ರೆಡ್ ಲಾರಿ, ಯಲ್ಲೋ ಲಾರಿ'. ಉಸಿರು ಬಿಡದೆ ಮೇಲಿಂದ ಮೇಲೆ ಹೇಳಬೇಕು. ಅಣ್ಣ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಕೈಸನ್ನೆಯಲ್ಲೇ ಪಾರಾಗಿ ಬಂದ.

"ಲಗ್ನದಾಗ ಬಿಡಂಗಿಲ್ರಿ ಅಳಿಯಾರ" ಎಂದು ಹುಡುಗಿಯ ಸೋದರಮಾವ ನಗುತ್ತ ಹೇಳಿ ಕಳಿಸಿದ್ದ.

ಅಂದಿನಿಂದ ನಮ್ಮ ಎಮ್ಮೆಗೂ ಆ ಮಾತು ಬಾಯಿಪಾಠವಾಗಿರಬೇಕು. ಮೇವು ಹಾಕುವಾಗ, ನೀರು ಸೇದುವಾಗ, ಅಣ್ಣನ ಬಾಯಲ್ಲಿ ಅದೊಂದೇ. ಮೊದಲ ಸಲ ಸರಿ ಬರುತ್ತಿತ್ತು. ಎರಡನೆಯ ಸಲಕ್ಕೆ ಲಾರಿ ಹೋಗಿ ರಾಲಿ, ಆಮೇಲೆ ಲಾಲಿ.

"ದಿನಾ ಲಾರಿ ತುಂಬಸ್ತಿ, ಲಾರಿ ಅನ್ನಾಕ ಬರವಲ್ದೇನೋ?" ಎಂದು ಅವ್ವ ಚುಚ್ಚುತ್ತಿದ್ದಳು.

"ತುಂಬಸೂದು ಭಾಳ ಹಗುರ ಅದವ್ವಾ" ಎನ್ನುತ್ತಿದ್ದ ಅಣ್ಣ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ಕೇಳಿ ಕೇಳಿ ನನ್ನ ನಾಲಿಗೆಯ ಮೇಲೆ ಆ ಲಾರಿ ಎಲ್ಲಿಯೂ ನಿಲ್ಲದೆ ಓಡುತ್ತಿತ್ತು.

ನಮ್ಮ ಕಡೆ ಮದುಮಕ್ಕಳು ಮನೆಗೆ ಬರುವಾಗ ಮದುಮಗನ ತಂಗಿ ಬಾಗಿಲು ಅಡ್ಡಗಟ್ಟುತ್ತಾಳೆ. ಪ್ರಾಸದ ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದರಷ್ಟೇ ಅವನಿಗೆ ದಾರಿ. ಲಗ್ನದ ಹಿಂದಿನ ದಿನ ಅಣ್ಣ ಅರಿಶಿನ ಬಳಿದ ಮೈಯಲ್ಲೇ ನನ್ನನ್ನು ಹುಡುಕಿಕೊಂಡು ಬಂದ.

"ಬಾಗಲದಾಗ ಹೆಸರು ಕೇಳು, ಹೇಳ್ತೀನಿ. ಆ ಸುಡಗಾಡ ಲಾರಿ ಮಾತ್ರ ತರಬ್ಯಾಡವಾ. ಅವರು ಕೇಳಿದ್ರ ಹೆಂಗರೆ ತಪ್ಪಿಸ್ಕೋತೀನಿ. ನೀ ಕೇಳಿದ್ರ ಎಲ್ಲಿಗಿ ಓಡ್ಲಿ?"

"ನಿನ್ನಾಣಿ ಕೇಳಂಗಿಲ್ಲ" ಎಂದು ಅವನ ತಲೆ ಮುಟ್ಟಿದೆ.

ಮರುದಿನ ಲಗ್ನ ಮುಗಿದು ಮದುಮಕ್ಕಳು ಬಾಗಿಲಿಗೆ ಬಂದಾಗ, ಹೆಣ್ಣಿನ ಜೊತೆ ಬಂದ ಕ್ವಾರ್ಟರ್ಸಿನ ಹುಡುಗಿಯರು ಅಂಗಳದಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಅಂದುಕೊಂಡು ನಗುತ್ತಿದ್ದರು. ನನ್ನನ್ನೇ ನೋಡಿ ನಕ್ಕರು ಅನ್ನಿಸಿತು. ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ನಿಂತು ಅವರ ಲಾರಿಯನ್ನು ಒಂದೇ ಉಸಿರಿಗೆ ಓಡಿಸಿಬಿಟ್ಟೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

"ಅಬ್ಬಬ್ಬಾ, ಏನ್ ನಾಲಿಗಿ ಅದರೀ!" ಎಂದ ಸೋದರಮಾವ.

ಹೊಗಳಿಕೆಗೆ ನನ್ನ ತಲೆ ತಿರುಗಿತು. "ನಮ್ಮಣ್ಣ ನನಗಿಂತ ಚಂದ ಹೇಳ್ತಾನ. ಹೇಳಿದ್ರೇನೇ ಬಾಗಲಾ ಬಿಡ್ತೀನಿ" ಎಂದೆ.

ಅಣ್ಣ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದ. "ರೆಡ್ ಲಾರಿ, ಯಲ್ಲೋ ರಾಲಿ, ರೆಡ್ ಲಾಲಿ, ಯಲ್ಲೋ ಲಾಲಿ..." ತಲೆ ಅಲ್ಲಾಡಿ ಬಾಸಿಂಗ ಮೂಗಿನ ಮೇಲೆ ಜಾರಿತು.

"ಹೊಸ್ತಿಲಾ ದಾಟಿಲ್ಲ, ಆಗ್ಲೇ ಲಾಲಿ ಹಾಡಾಕತ್ತಾನ ನೋಡ್ರಿ!" ಎಂದಳು ಒಬ್ಬ ಮುದುಕಿ. ಅಂಗಳವೇ ಬಿದ್ದು ಬಿದ್ದು ನಕ್ಕಿತು. ಸೆರಗಿನೊಳಗೆ ಮದುಮಗಳ, ನನ್ನ ವೈನಿಯ, ಹೆಗಲೂ ಕುಣಿಯುತ್ತಿತ್ತು. ನಾನಂತೂ ಹೊಟ್ಟೆ ಹಿಡಿದುಕೊಂಡಿದ್ದೆ.

ವಾಡಿಯಲ್ಲಿ ಅವನು 'ಲಾಲಿ ಅಳಿಯ' ಆದ. ಪಂಚಮಿ ಹಬ್ಬಕ್ಕೆ ತವರಿಗೆ ಹೊರಟ ವೈನಿಯನ್ನು ವಾಡಿ ಸ್ಟೇಷನ್ನಿನವರೆಗೆ ಬಿಟ್ಟು, ತಿರುಗಿ ಬರುವ ಗಾಡಿ ಹಿಡಿಯುತ್ತಿದ್ದ. ಮಾವನ ಮನೆಯ ಹೋಳಿಗೆ ಡಬ್ಬಿಯಲ್ಲಿ ಬರುತ್ತಿತ್ತೇ ಹೊರತು ಅವನು ಹೋಗಿ ಉಂಡದ್ದು ಕಡಿಮೆ. ನಾಚಿಕೆ ಎಂದುಕೊಂಡಿದ್ದೆವು.

ಎಷ್ಟೋ ವರ್ಷಗಳ ಮೇಲೆ ಅವನು ಹಾಸಿಗೆ ಹಿಡಿದಾಗ ಗಂಡನ ಮನೆಯಿಂದ ನೋಡಲು ಹೋದೆ. "ತಪ್ಪಾತು ಅಣ್ಣಾ" ಎಂದೆ.

"ಯಾವುದಕ್ಕ? ನಿನ್ನವು ಭಾಳ ಅದಾವ" ಎಂದು ನಕ್ಕ.

"ಅವತ್ತ ಮಂದೀ ಮುಂದ ನಿನ್ನ ನಗಿಗೀಡ ಮಾಡಿದ್ದಕ್ಕ."

ಅವನು ದಿಂಬಿಗೊರಗಿ ಎದ್ದು ಕೂತ. "ನಕ್ಕಿದ್ದು ಅವತ್ತೇ ಮರ್ತೀನಿ. ವಾಡಿಗಿ ಹೋದಾಗೊಮ್ಮಿ ಎಲ್ಲಾರೂ ನಿನ್ನ ನಾಲಿಗಿ ಹೊಗಳತಿದ್ರವಾ. ಅದು ಕೇಳಾಕ ಆಗ್ತಿದ್ದಿಲ್ಲ. ಅದೇ ನಾಲಿಗೀಲೆ ನನ್ನ ತಲಿ ಮುಟ್ಟಿ ಆಣಿ ಮಾಡಿದ್ದಿ..."

ಅವನೇ ನೀರು ಕೇಳಿದ, ಕೊಟ್ಟೆ. ಆ ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟ.

ಈಗಲೂ ಮನೆತನದಲ್ಲಿ ಲಗ್ನವಾದರೆ ಬಾಗಿಲು ಹಿಡಿಯುವ ಹುಡುಗಿಯರ ಪಕ್ಕ ನಿಲ್ಲಲು ಹಿರಿಯಳೆಂದು ನನ್ನನ್ನು ಕೂಗುತ್ತಾರೆ. ನಾನು ಒಲೆಯ ಮುಂದಿನಿಂದ ಏಳುವುದಿಲ್ಲ. "ಸಾಕ್ ಬಿಡ್ರೇ, ಹುಡುಗ ಬಿಸಲಾಗ ನಿಂತಾನ, ಒಳಗ ಕರ್ಕೋರಿ" ಎಂದು ಅಲ್ಲಿಂದಲೇ ಒದರುತ್ತೇನೆ.