ಮಡಿಸೀರೆಯೂ ತಾಮ್ರದ ತಂತಿಯೂ

ಮೊನ್ನೆ ಮಂಡ್ಯದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಕಂಪ್ಯೂಟರು ಹುಟ್ಟಿತು. ಹುಟ್ಟಿತು ಎಂದೇ ಹೇಳಬೇಕು, ಅಂಗಡಿಯಿಂದ ಇಡಿಯಾಗಿ ಬಂದದ್ದಲ್ಲ. ಕಾಲೇಜಿನ ರಜೆಗೆ ಬಂದಿದ್ದ ಅಣ್ಣನ ಮೊಮ್ಮಗಳು ಮೇಘಾ, ಇಡಿಯದಕ್ಕೆ ದುಡ್ಡು ಸಾಲದೆಂದು ಬಿಡಿಬಿಡಿಯಾಗಿ ತರಿಸಿಕೊಂಡಿದ್ದಳು. ಒಂದು ಭಾಗ ಕೊರಿಯರಿನಲ್ಲಿ ಬಂದದ್ದು, ಇನ್ನೊಂದು ಗೆಳತಿಯ ಅಣ್ಣ ಬೇಡವೆಂದು ಕೊಟ್ಟದ್ದು, ಡಬ್ಬ ಮಾತ್ರ ಯಾವುದೋ ಸೈಬರ್ ಸೆಂಟರು ಬಾಗಿಲು ಮುಚ್ಚಿದಾಗ ಸಿಕ್ಕಿದ್ದು. ಮೇಜಿನ ತುಂಬ ಹಸಿರು ಹಲಗೆ, ಪುಟ್ಟ ಫ್ಯಾನು, ಬಣ್ಣಬಣ್ಣದ ವೈರು. ಎರಡು ದಿನದಿಂದ ನಮಗೆಲ್ಲ ನೆಲದ ಮೇಲೆ ಊಟ. ನಾನು ಕುತೂಹಲ ತಡೆಯಲಾರದೆ ಒಂದು ಹಲಗೆಯ ಕಡೆ ಬೆರಳು ಚಾಚಿದೆ, ಅಷ್ಟೆ.

"ಮುಟ್ಬೇಡಿ ಚಿಕ್ಕತಾತ! ಮೊದ್ಲು ಆ ಕಿಟಕಿ ಸರಳು ಮುಟ್ಟಿ ಬನ್ನಿ. ಮೈಯಲ್ಲಿ ಕರೆಂಟಿರತ್ತೆ, ಇದು ಕೆಟ್ಟೋಗತ್ತೆ."

"ನಿನ್ನ ಮೈಯಲ್ಲಿ ಇಲ್ವೇನೆ?"

"ನಾನು ಮುಟ್ಟಿ ಬಂದಾಯ್ತು. ಈಗ ನೀವು ನನ್ನ ಮುಟ್ಟಿದ್ರೆ ಮತ್ತೆ ಹೋಗ್ಬೇಕು. ದೂರ ನಿಂತ್ಕೊಳ್ಳಿ."

ನೀವೇ ಹೇಳಿ, ಇದು ಮಡಿಯಲ್ಲದೆ ಮತ್ತೇನು? ಸೋಫಾದ ಮೇಲೆ ಕೂತಿದ್ದ ಅತ್ತಿಗೆ, ಅಂದರೆ ಮೇಘಾಳ ಅಜ್ಜಿ, ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಒಂದೇ ಸೀರೆ ನೆನಪಾಯಿತು. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು, ನನಗೂ ತಡೆಯಲಾಗಲಿಲ್ಲ. ಈ ಮುದುಕರಿಗೆ ಏನಾಯಿತೆಂದು ಮೇಘಾ ಸ್ಕ್ರೂಡ್ರೈವರು ಹಿಡಿದುಕೊಂಡೇ ನಿಂತಳು. ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ, ಬನ್ನಿ.

ಎಪ್ಪತ್ತರ ದಶಕ. ನಾವಾಗ ಮದ್ದೂರಿನಲ್ಲಿದ್ದೆವು. ರೈಲುಹಳಿಗೆ ಬೆನ್ನು ಮಾಡಿದ ಹೆಂಚಿನ ಮನೆ. ಮನೆಯಲ್ಲಿ ಇದ್ದವರು ನಾಲ್ಕೇ ಜನ: ಅಜ್ಜಿ, ಅಣ್ಣ, ಹೊಸದಾಗಿ ಮಳವಳ್ಳಿಯಿಂದ ಬಂದ ಅತ್ತಿಗೆ, ಮತ್ತು ಮಂಡ್ಯದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತ ಜಗತ್ತೆಲ್ಲ ತನಗೆ ಗೊತ್ತೆಂದು ತಿಳಿದಿದ್ದ ನಾನು. ಅಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕೆಂಪು ಸೀರೆ ಉಟ್ಟವಳು. ಅವಳ ಹೆಸರು ಅಚ್ಚಮ್ಮ ಎಂಬುದು ರೇಷನ್ ಕಾರ್ಡಿಗೆ ಬಿಟ್ಟರೆ ಮನೆಯವರಾದ ನಮಗಷ್ಟೇ ಗೊತ್ತಿತ್ತು. ಹೆಸರು ಹಿಡಿದು ಕರೆಯುವವರು ಒಬ್ಬರೂ ಉಳಿದಿರಲಿಲ್ಲ. ಇಡೀ ಬೀದಿಗೆ ಅವಳು ಅಜ್ಜಿ.

ಅಜ್ಜಿಗೆ ಎರಡು ವಿದ್ಯೆ ಬರುತ್ತಿತ್ತು, ಮಡಿ ಮತ್ತು ಹಾಡು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಸೀರೆ ಒಗೆದು, ಉದ್ದನೆಯ ಕೋಲಿನಿಂದ ಎತ್ತಿ, ಯಾರ ಕೈಗೂ ಎಟುಕದಷ್ಟು ಎತ್ತರದ ಗಳುವಿನ ಮೇಲೆ ಹರವುತ್ತಿದ್ದಳು. ಆಮೇಲೆ ಆ ಸೀರೆಗೆ ನಮ್ಮ ನೆರಳು ಬಿದ್ದರೂ ಬೈಗುಳ. ಹಾಡಿನ ವಿಷಯ ಬೇರೆ. ಮದುವೆ, ಸೀಮಂತ, ಯಾವುದಾದರೂ ಸರಿ, ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಹಸೆಮಣೆಗೆ ಕರೆಯುವ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಆದರೆ ಗಂಡ ಸತ್ತವಳು ಹಸೆಯ ಎದುರಿಗೆ ಬರುವಂತಿಲ್ಲವಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಕೂತು ಹಾಡು ಎತ್ತಿಕೊಡುತ್ತಿದ್ದಳು, ಮುಂದಿದ್ದವರು ಹಾಡಿ ತಾಂಬೂಲ ತೆಗೆದುಕೊಳ್ಳುತ್ತಿದ್ದರು. ಇದನ್ನು ನಾವೆಲ್ಲ ನೋಡುತ್ತ ಬೆಳೆದವರು, ನಮಗೇನೂ ಅನ್ನಿಸುತ್ತಿರಲಿಲ್ಲ. ಅನ್ನಿಸಿದ್ದು ಹೊರಗಿನಿಂದ ಬಂದ ಅತ್ತಿಗೆಗೆ.

ಆ ವರ್ಷ ಗೌರಿಹಬ್ಬಕ್ಕೆ ಮಳವಳ್ಳಿಗೆ ಹೋದ ಅತ್ತಿಗೆ, ಅಲ್ಲಿಂದ ತಮ್ಮನ ಜೊತೆ ಮೈಸೂರಿನ ಬಸ್ಸು ಹತ್ತಿ ರೇಡಿಯೋ ನಿಲಯದಲ್ಲಿ ಒಂದು ಹಾಡು ಹಾಡಿ ಬಂದುಬಿಟ್ಟಿದ್ದರು! ವಾಪಸು ಬಂದು ಅಣ್ಣನಿಗೂ ನನಗೂ ಮಾತ್ರ ಗುಟ್ಟಾಗಿ ಹೇಳಿದರು. ಮುಂದಿನ ತಿಂಗಳು ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮದಲ್ಲಿ ಬರುತ್ತದಂತೆ. "ಅಜ್ಜೀದೇ ಹಾಡು ಕಣೋ. ರುಬ್ಬೋವಾಗ ಕಲ್ತಿದ್ದು. ಅವ್ರಿಗೆ ಹೇಳ್ಬೇಡ. ಪೆಟ್ಟಿಗೆಯಿಂದ ಅವ್ರ ಹಾಡು ಅವ್ರಿಗೇ ಕೇಳ್ಬೇಕು."

ಕೇಳಬೇಕು, ನಿಜ. ಪೆಟ್ಟಿಗೆ ಎಲ್ಲಿ? ಅಣ್ಣನ ಗುಮಾಸ್ತೆ ಸಂಬಳದಲ್ಲಿ ರೇಡಿಯೋ ಕೊಳ್ಳುವುದು ಆಗದ ಮಾತು. ಎದುರುಮನೆಯಲ್ಲಿ ಒಂದಿತ್ತು, ಆದರೆ ಮಧ್ಯಾಹ್ನ ಊಟವಾಗುವವರೆಗೆ ಅಜ್ಜಿ ಮಡಿಯಲ್ಲಿರುತ್ತಿದ್ದಳು, ಹೊಸಿಲು ದಾಟುತ್ತಿರಲಿಲ್ಲ. ನಾನು ಎದೆ ಉಬ್ಬಿಸಿ ಹೇಳಿದೆ: "ಕೊಳ್ಳೋದ್ಯಾಕೆ ಅತ್ತಿಗೆ, ನಾನೇ ಮಾಡ್ತೀನಿ." ಹೇಳುವಾಗ ನನಗೆ ರೇಡಿಯೋದ ಬಗ್ಗೆ ಗೊತ್ತಿದ್ದುದು ಕಿವಿ ತಿರುಪಿದರೆ ಮಾತಾಡುತ್ತದೆ ಎಂಬುದಷ್ಟೆ.

ದೇವರು ಇಂಥವರಿಗೆಂದೇ ಗೆಳೆಯರನ್ನು ಕೊಡುತ್ತಾನೆ. ನನಗೆ ಸಿದ್ದೇಗೌಡನನ್ನು ಕೊಟ್ಟಿದ್ದ. ನಾನು ಮದ್ದೂರಿನಲ್ಲಿ ರೈಲು ಹತ್ತಿದರೆ ಅವನು ಹನಕೆರೆಯಲ್ಲಿ ಹತ್ತುತ್ತಿದ್ದ. ಒಂದೇ ತರಗತಿ, ಒಂದೇ ಬೆಂಚು, ಇಬ್ಬರ ಅಜ್ಞಾನವೂ ಸರಿಸಮ. ವಿಷಯ ಕೇಳಿದವನೇ ರೈಲಿನಲ್ಲೇ ಎದ್ದು ನಿಂತ.

"ಬುಡು ಅಯ್ನೋರೆ, ಅದೇನ್ ಬ್ರಮ್ಮವಿದ್ಯೆನಾ? ನಮ್ಮ ಪಂಪ್‌ಸೆಟ್ ಮೋಟ್ರು ಸುಟ್ಟೋಗದೆ. ಅದ್ರೊಳ್ಗೆ ಮೈಲಿಗಟ್ಲೆ ತಂತಿ ಅದೆ. ನಾಳೆ ತತ್ತೀನಿ ಕಣ್ಲಾ."

ಅಲ್ಲಿಂದ ಶುರುವಾಯಿತು ನಮ್ಮ ಹುಚ್ಚು. ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಬಳೆಯಂಗಡಿಯ ರಟ್ಟಿನ ಕೊಳವೆಗೆ ಸುತ್ತಿದೆವು. ಮೈಕ್‌ಸೆಟ್ ಅಂಗಡಿಯವನ ಹರಿದ ಸ್ಪೀಕರಿಗೆ ಗೋಂದು ಹಾಕಿ ಕಾಗದ ಅಂಟಿಸಿದೆವು. ಮಂಡ್ಯ ಸ್ಟೇಷನ್ನಿನಲ್ಲಿ ವಡೆಯವನು ಬುಟ್ಟಿ ಹೊತ್ತು ಕಿಟಕಿಗೆ ಬಂದರೆ ಇಬ್ಬರೂ ಕಣ್ಣು ಮುಚ್ಚಿ ಮೂಗು ಹಿಡಿದು ಕೂರುತ್ತಿದ್ದೆವು, ಟ್ರಾನ್ಸಿಸ್ಟರುಗಳು ಬಂದದ್ದು ಹಾಗೆ ಉಳಿಸಿದ ವಡೆಯ ದುಡ್ಡಿನಲ್ಲಿ. ಬೆಸುಗೆ ಹಾಕಲು ಬಚ್ಚಲೊಲೆಯಲ್ಲಿ ಕಾಯಿಸಿದ ಕಂಬಿ. ಕಾದ ಕಂಬಿಯನ್ನು ಹಿಡಿದು ಬಚ್ಚಲಿನಿಂದ ಜಗಲಿಗೆ ನಾನು ಓಡಬೇಕು, ಆರುವುದರೊಳಗೆ ಸಿದ್ದೇಗೌಡ ಅಂಟಿಸಬೇಕು. ಅವನು ಆ ಕಾಲದ ರೀತಿಯಲ್ಲಿ ನಡುಮನೆಗೆ ಬರುವಂತಿರಲಿಲ್ಲ, ಹಾಗಾಗಿ ನಮ್ಮ ವಿಜ್ಞಾನವೂ ಜಗಲಿಯಲ್ಲೇ ಉಳಿಯಿತು. ರಾಳದ ಹೊಗೆಯ ವಾಸನೆಗೆ ಅಜ್ಜಿ ಒಳಗಿನಿಂದ "ಯಾವ ದೇವರಿಗೋ ಧೂಪ?" ಎಂದು ಕೇಳುತ್ತಿದ್ದಳು.

ಮೊದಲ ಸಲ ಜೋಡಿಸಿದಾಗ ಅದು ಉಸಿರೆತ್ತಲಿಲ್ಲ. ಎರಡನೆಯ ಸಲ ಕಪ್ಪೆಯ ಹಾಗೆ ವಟಗುಟ್ಟಿತು. ಕಾಲೇಜಿನ ಲೈಬ್ರರಿಯ ಪತ್ರಿಕೆಯಲ್ಲಿದ್ದ ಚಿತ್ರ ಟ್ರಾನ್ಸಿಸ್ಟರನ್ನು ಕೆಳಗಿನಿಂದ ನೋಡಿ ಬರೆದದ್ದು, ನಾವು ಮೇಲಿನಿಂದ ನೋಡಿ ಕಾಲುಗಳನ್ನೆಲ್ಲ ಅದಲುಬದಲು ಸಿಕ್ಕಿಸಿದ್ದೆವು. ಕಿತ್ತು ಮತ್ತೆ ಕೂರಿಸಿದೆವು. ಹಿತ್ತಲಿನ ತೆಂಗಿನ ಮರದಿಂದ ನುಗ್ಗೆ ಮರಕ್ಕೆ ಉದ್ದ ತಂತಿ ಕಟ್ಟಿ, ಎರಡು ತುದಿಗೂ ಒಡೆದ ಪಿಂಗಾಣಿ ಲೋಟಗಳ ಕಿವಿ ಸಿಕ್ಕಿಸಿ, ಅಲ್ಲಿಂದ ಜಗಲಿಗೆ ಎಳೆದೆವು. ಆಗ ಪೆಟ್ಟಿಗೆ ಕೆಮ್ಮಿತು, ಕೆರೆಯಿತು, ಆಮೇಲೆ ಸ್ಪಷ್ಟವಾಗಿ, ಗಂಭೀರವಾಗಿ, ಒಬ್ಬ ಗಂಡಸಿನ ದನಿಯಲ್ಲಿ ಮಂಡ್ಯ ಮಾರುಕಟ್ಟೆಯ ಬೆಲ್ಲದ ಧಾರಣೆ ಹೇಳಿತು.

"ಮಾತಾಡ್ತಾ ಅದೆ ಕಣ್ಲಾ! ಮಾತಾಡ್ತಾ ಅದೆ!" ಸಿದ್ದೇಗೌಡ ನನ್ನನ್ನು ಎತ್ತಿಕೊಂಡು ಬೀದಿಯಲ್ಲಿ ಒಂದು ಸುತ್ತು ತಿರುಗಿದ. ಇಳಿಸಿದ ಮೇಲೆ ಅವನ ಮುಖ ಪೆಚ್ಚಾಯಿತು. "ಥೂ, ನಮ್ಮಪ್ಪ ನೆನ್ನೆನೇ ಬೆಲ್ಲ ಮಾರ್ಬುಟ್ಟ ಕಣ್ಲಾ. ಒಂದಿನ ತಡಿಬಾರ್ದಿತ್ತಾ!"

ನಮ್ಮ ಸಂತೋಷ ಮರುದಿನ ಬೆಳಿಗ್ಗೆಯವರೆಗೆ ಮಾತ್ರ. ಪೆಟ್ಟಿಗೆ ಮೂಕಾಯಿತು. ಸಂಜೆ ತಾನಾಗಿಯೇ ಮಾತಾಡಿತು. ಮಾರನೆಯ ದಿನವೂ ಹಾಗೇ, ಬೆಳಿಗ್ಗೆ ಮೌನ, ಸಂಜೆ ಮಾತು. ಬಿಸಿಲಿಗೆ ಟ್ರಾನ್ಸಿಸ್ಟರು ಕಾಯುತ್ತಿದೆ ಎಂದು ನಾನು, ಮೈಸೂರಿನವರೇ ಬೆಳಿಗ್ಗೆ ಮಲಗಿರುತ್ತಾರೆ ಎಂದು ಅವನು ವಾದ ಹೂಡಿದೆವು. ಕಡೆಗೆ ಒಂದು ದಿನ ಹಿತ್ತಲಿಗೆ ಹೋಗಿ ನೋಡಿದರೆ, ನಮ್ಮ ತಾಮ್ರದ ತಂತಿಯ ಮೇಲೆ ಅಜ್ಜಿಯ ಕೆಂಪು ಮಡಿಸೀರೆ ಮಹಾರಾಣಿಯಂತೆ ತೂಗುತ್ತಿದೆ! ಒದ್ದೆ ಸೀರೆಯ ಒಂದು ತುದಿ ಬಾವಿಕಟ್ಟೆಗೆ ತಾಗಿತ್ತು, ಮೈಸೂರಿನಿಂದ ಗಾಳಿಯಲ್ಲಿ ಬಂದ ಸಂಗೀತವೆಲ್ಲ ಸೀರೆಯ ಮೂಲಕ ಮದ್ದೂರಿನ ನೆಲಕ್ಕೆ ಇಳಿದುಹೋಗುತ್ತಿತ್ತು.

ನಾನು ಬಾಯಿ ತೆರೆಯುವುದರೊಳಗೆ ಅಜ್ಜಿಯೇ ಹೇಳಿದಳು: "ನನ್ನ ಮಡಿಗೇಂತ ಕಟ್ಟಿದೀಯೇನೋ? ಅದೂ ತಾಮ್ರ! ಶುದ್ಧ ಕಣೋ. ಇಷ್ಟು ವರ್ಷದಲ್ಲಿ ನನ್ನ ಸೀರೆ ಬಗ್ಗೆ ಯೋಚ್ನೆ ಮಾಡ್ದೋನು ನೀನೊಬ್ನೇ. ನೂರು ವರ್ಷ ಬಾಳಪ್ಪ."

ಇಷ್ಟು ಆಶೀರ್ವಾದ ಮಾಡಿದವಳಿಗೆ "ಇಲ್ಲ ಅಜ್ಜಿ, ಇದು ರೇಡಿಯೋದ ಏರಿಯಲ್ಲು" ಎನ್ನಲು ನಿಮಗೆ ಬಾಯಿ ಬರುತ್ತಿತ್ತೆ? ನನಗೆ ಬರಲಿಲ್ಲ. ಎದುರುಮನೆಯವರಿಗೂ ಆಗಲೇ ಅವಳು ಹೇಳಿ ಆಗಿತ್ತು. ಸರಿ, ಹಾಡು ಬರುವ ದಿನ ಬೆಳಿಗ್ಗೆಯೇ ತಂತಿ ಬಿಚ್ಚಿಡುವುದು, ಅಜ್ಜಿ ಸೀರೆಯನ್ನು ಹಳೆಯ ಗಳುವಿಗೆ ಹಾಕಿದ ಮೇಲೆ ಮತ್ತೆ ಕಟ್ಟುವುದು ಎಂದು ನಾನೂ ಸಿದ್ದೇಗೌಡನೂ ಉಪಾಯ ಮಾಡಿಕೊಂಡೆವು. ಅಂದು ಹಾಗೇ ಮಾಡಿದೆವು ಕೂಡ. ಕಾಲೇಜಿಗೆ ಚಕ್ಕರ್. ಅಣ್ಣ ಕಚೇರಿಗೆ ಹೋಗಿದ್ದ. ಅಜ್ಜಿಯನ್ನು ಅತ್ತಿಗೆ ಏನೂ ಹೇಳದೆ ಜಗಲಿಯ ಬಾಗಿಲ ಹಿಂದೆ ಮಣೆ ಹಾಕಿ ಕೂರಿಸಿದರು. ಜಗಲಿಯಲ್ಲಿ ಸಿದ್ದೇಗೌಡ ತಿರುಪು ಹಿಡಿದು ಕೂತ. ಕಾರ್ಯಕ್ರಮ ಶುರುವಾಯಿತು, ನಿರೂಪಕಿ ಅತ್ತಿಗೆಯ ಹೆಸರನ್ನು ಇನ್ನೇನು ಹೇಳಬೇಕು, ಗೊರ್ ಎಂದು ಪೆಟ್ಟಿಗೆ ಮೂಕಾಯಿತು.

ಹಿತ್ತಲಿಗೆ ಓಡಿದೆ. ಮೊಮ್ಮಗ ಮತ್ತೆ ತಂತಿ ಕಟ್ಟಿದ್ದನ್ನು ಕಂಡು ಸಂತೋಷಪಟ್ಟು, ಅಜ್ಜಿ ಮಣೆಗೆ ಬಂದು ಕೂರುವ ಮುಂಚೆ ಇನ್ನೂ ಆರದ ಸೀರೆಯನ್ನು ಗಳುವಿನಿಂದ ತೆಗೆದು ತಂತಿಯ ಮೇಲೇ ಹರವಿದ್ದಳು! ಗಾಳಿಗೆ ಅದರ ತುದಿ ಜಾರಿ ಆಗಷ್ಟೇ ಬಾವಿಕಟ್ಟೆಗೆ ತಾಗಿತ್ತು. ಅವಳನ್ನು ಕರೆದರೆ ಹಾಡು ತಪ್ಪುತ್ತದೆ. ನಾನು ಮುಟ್ಟಿದರೆ ಮಡಿ ಹೋಗುತ್ತದೆ, ಅಂದು ಅವಳಿಗೆ ಊಟವಿಲ್ಲ. ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ಅಳುವ ಮುಖ ಮಾಡಿದರು. ನನಗೆ ಏನು ತೋಚಿತೋ, ಬಾವಿಯಿಂದ ಸೇದಿಟ್ಟಿದ್ದ ಒಂದು ಕೊಡ ನೀರನ್ನು ಅಂಗಿ ಪ್ಯಾಂಟಿನ ಸಮೇತ ತಲೆಯ ಮೇಲೆ ಸುರಿದುಕೊಂಡೆ. ಮಡಿಯಾಯಿತು! ಅಜ್ಜಿಯ ಕೋಲು ತೆಗೆದುಕೊಂಡು ಒಗೆಯುವ ಕಲ್ಲಿನ ಮೇಲೆ ಹತ್ತಿ, ಸೀರೆಯನ್ನು ತಂತಿಯಿಂದ ಮೇಲೆತ್ತಿ ಹಿಡಿದೆ.

"ಬತ್ತಾ ಅದೆ!" ಜಗಲಿಯಿಂದ ಸಿದ್ದೇಗೌಡನ ಕೂಗು. "ಅಂಗೇ ಇಡ್ಕೊಳ್ಲಾ! ಅಲ್ಲಾಡ್ಬೇಡ ಕಣ್ಲಾ!"

ಅತ್ತಿಗೆ ಒಳಗೆ ಓಡಿದರು. ನಾನು ಹಿಡಿದುಕೊಂಡೆ. ಒದ್ದೆ ಸೀರೆಯ ಭಾರ ಎಂಥದೆಂದು ಹಿಡಿದವರಿಗೇ ಗೊತ್ತು. ತೋಳು ನಡುಗುತ್ತಿದೆ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಒರೆಸಿಕೊಳ್ಳುವಂತಿಲ್ಲ. ಅದೇ ಹೊತ್ತಿಗೆ ಹಿತ್ತಲಾಚೆಯ ಹಳಿಯ ಮೇಲೆ ಪ್ಯಾಸೆಂಜರ್ ಗಾಡಿ ಬಂತು. ಕಲ್ಲಿನ ಮೇಲೆ ನಿಂತು ಕೋಲಿನ ತುದಿಯಲ್ಲಿ ಕೆಂಪು ಬಟ್ಟೆ ಬೀಸುತ್ತಿರುವ ನನ್ನನ್ನು ಕಂಡು ಡ್ರೈವರು ಕೂ ಕೂ ಎಂದು ಕೂಗಿಸಿ ಗಾಡಿ ನಿಧಾನ ಮಾಡಿದ ಎಂದು ನಾನು ಇಂದಿಗೂ ಹೇಳುತ್ತೇನೆ. ಸ್ಟೇಷನ್ ಬಂದಾಗ ಎಲ್ಲ ಗಾಡಿಯೂ ನಿಧಾನ ಆಗುತ್ತದೆ ಎಂದು ಸಿದ್ದೇಗೌಡ ಇಂದಿಗೂ ಹೇಳುತ್ತಾನೆ. ಕಿಟಕಿಗಳಲ್ಲೆಲ್ಲ ತಲೆಗಳು. ನಾನು ಗಂಭೀರವಾಗಿ ನಿಂತೇ ಇದ್ದೆ.

ಗಾಡಿ ಹೋಯಿತು, ಹಾಡೂ ಮುಗಿದಿತ್ತು. ಕಟ್ಟಿದವನು ನಾನು, ಹಿಡಿದವನು ನಾನು, ಒಂದು ಸಾಲೂ ಕೇಳದವನೂ ನಾನೇ. ಒಳಗೆ ಬಂದಾಗ ಅತ್ತಿಗೆಯ ಕಣ್ಣು ಕೆಂಪಾಗಿತ್ತು. ಅಜ್ಜಿ ಬಾಗಿಲ ಹಿಂದೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಹೇಗಿತ್ತಜ್ಜಿ?" ಎಂದೆ.

"ಎರಡ್ನೇ ನುಡಿ ತಪ್ಪು ಹಾಡಿದಾಳೆ," ಎಂದಳು, ತಿರುಗದೆ.

ಸಿದ್ದೇಗೌಡನನ್ನು ಕೇಳಿದೆ. "ಯಾರನ್ನೋ ಅಸೆಗೆ ಕರೀತಿದ್ರು ಕಣ್ಲಾ, ಸಂದಾಗಿತ್ತು," ಎಂದನಷ್ಟೆ. ತಂತಿ ಏತಕ್ಕೆ ಕಟ್ಟಿದ್ದೆಂದು ಅತ್ತಿಗೆ ಆವತ್ತೇ ಅಜ್ಜಿಗೆ ಹೇಳಿದರು. ಅಂದಿನಿಂದ ಅಜ್ಜಿ ಆ ತಂತಿಯ ಮೇಲೆ ತನ್ನ ಸೀರೆಯನ್ನಾಗಲಿ, ಬೇರೆಯವರ ಬಟ್ಟೆಯನ್ನಾಗಲಿ ಹಾಕಗೊಡಲಿಲ್ಲ. ದಿನವೂ ಆ ಕಾರ್ಯಕ್ರಮದ ಹೊತ್ತಿಗಿಂತ ಮುಂಚೆ ಹಿತ್ತಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ತಂತಿ ಖಾಲಿಯಾಗಿದೆಯೇ ಎಂದು ನೋಡಿ ಹೋಗಿ ಬಾಗಿಲ ಹಿಂದೆ ಕೂರುತ್ತಿದ್ದಳು. ಅವಳು ಇರುವವರೆಗೂ ಇದು ತಪ್ಪಲಿಲ್ಲ. ನನ್ನ ಒದ್ದೆ ಅಂಗಿಯನ್ನು ನೋಡಿ ಅಜ್ಜಿಗೆ ವಿಜ್ಞಾನದ ಮೇಲೆ ಗೌರವ ಹುಟ್ಟಿತೆಂದು ನಾನು ಬಹಳ ಜನರ ಮುಂದೆ ಕೊಚ್ಚಿಕೊಂಡಿದ್ದೇನೆ.

ಮೊನ್ನೆ ಮೇಘಾಳ ಮುಂದೆಯೂ ಕೊಚ್ಚಿಕೊಂಡೆ. ಅವಳು ನಕ್ಕು ನಕ್ಕು ಸುಸ್ತಾಗಿ ಕಡೆಯ ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಬೆಳಗಿತು. ನಾನು ಸಿದ್ದೇಗೌಡನ ಹಾಗೆ ಕುಣಿಯಬೇಕೆಂದು ಎದ್ದೆ, ಮಂಡಿ ಬೇಡವೆಂದಿತು.

"ಅಜ್ಜಿ, ಮೈಕ್ ನೋಡ್ಬೇಕು. ಅದೇ ಹಾಡು ಹಾಡು," ಎಂದಳು ಮೇಘಾ.

ಅತ್ತಿಗೆ ಗಂಟಲು ಸರಿಮಾಡಿಕೊಂಡು ಹಾಡಿದರು. ಮೊದಲ ನುಡಿ ಅಜ್ಜಿ ಹಾಡುತ್ತಿದ್ದ ಹಾಗೇ ಇತ್ತು. ಎರಡನೆಯ ನುಡಿಯಲ್ಲಿ, ಹಸೆಗೆ ಬಾ ಎಂದು ಮದುಮಗಳ ಹೆಸರು ಹಿಡಿದು ಕರೆಯುವ ಕಡೆ, ಅತ್ತಿಗೆ ಕರೆದದ್ದು ಅಚ್ಚಮ್ಮನನ್ನು.

ಹಾಡು ಮುಗಿದ ಮೇಲೆ ಕೇಳಿದೆ, "ಅತ್ತಿಗೆ, ಆವತ್ತು ತಪ್ಪು ಅಂದದ್ದು ಇದೇನಾ?"

"ತಪ್ಪೇನೋ? ಬೇಕೂಂತ್ಲೇ ಹಾಗೆ ಹಾಡಿದ್ದು. ಎಲ್ರನ್ನೂ ಕರೆದ್ರು, ಅವ್ರನ್ನ ಯಾರೂ ಕರೀಲೇ ಇಲ್ವಲ್ಲ." ಅತ್ತಿಗೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನೀನು ಕೋಲು ಹಿಡ್ಕೊಂಡು ನಿಂತಿದ್ದಾಗ ನನ್ನ ಕೈ ಹಿಡ್ಕೊಂಡು ಕೇಳಿದ್ರು ಕಣೋ, ಅವ್ರು ಮಡೀಲಿದ್ರೂ. ಇದನ್ನ ಮತ್ತೆ ಹಾಕ್ತಾರೇನೇ, ಅಂತ. ಹಾಕ್ಬಹುದು ಅಜ್ಜಿ, ಅಂದೆ. ಯಾರಿಗೂ ಹೇಳ್ಬೇಡ ಅಂದ್ರು."

ಕಣ್ಣಿಗೆ ಕೈ ಅಡ್ಡ ಹಿಡಿದು ಖಾಲಿ ತಂತಿಯನ್ನು ನೋಡುತ್ತಿದ್ದ ಅಜ್ಜಿ ನನ್ನೆದುರಿಗೆ ಬಂದು ನಿಂತಳು. ವಿಜ್ಞಾನದ ಮೇಲಿನ ಗೌರವವಂತೆ! ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು.

"ರೆಕಾರ್ಡ್ ಆಗಿದೆ ಚಿಕ್ಕತಾತ," ಎಂದಳು ಮೇಘಾ, ಮೆತ್ತಗೆ. "ಮತ್ತೆ ಹಾಕ್ಲಾ?"

"ಹಾಕಮ್ಮ," ಎಂದೆ. "ಜೋರಾಗಿ ಹಾಕು."