ವಾಪಸ್ ರಿಂಗಾಗದ ನಂಬರು

2025ನೇ ಇಸವಿ. ದೂರಸಂಪರ್ಕದ ಸೇವೆಯಿಂದ ನಾನು ನಿವೃತ್ತನಾಗಿ ಕೆಲವು ವರ್ಷಗಳಾಗಿದ್ದವು. ಚಳ್ಳಕೆರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯೊಂದರ ಪರವಾಗಿ ನಡೆಯುತ್ತಿದ್ದ ಪುಟ್ಟ ಕಾಲ್ ಸೆಂಟರಿಗೆ ನನ್ನನ್ನು ‘ಸಂಪರ್ಕ ವ್ಯವಸ್ಥಾ ಸಲಹೆಗಾರ’ ಎಂದು ನೇಮಿಸಿಕೊಂಡರು. ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆ, ಮೂರು ಹೆಡ್‌ಫೋನು, ಒಂದು ಫ್ಯಾನು. ಫ್ಯಾನು ತಿರುಗದಿರುವುದು ಸಲಹೆಗಾರರ ವ್ಯಾಪ್ತಿಗೆ ಬರುವುದಿಲ್ಲವೆಂದು ಮೊದಲ ದಿನವೇ ನನಗೆ ಲಿಖಿತವಾಗಿ ತಿಳಿಸಲಾಯಿತು.

ಕೇಂದ್ರದ ಮುಖ್ಯ ಕೆಲಸ, ನಾಯಿ ಕಚ್ಚಿಸಿಕೊಂಡವರನ್ನು ಸೂಜಿಗೆ ಕರೆಯುವುದು. ರೇಬೀಸ್ ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲ ಸೂಜಿಯ ದಿನವನ್ನು ಸೊನ್ನೆ ಎಂದು ಹಿಡಿದರೆ ಮೂರನೇ, ಏಳನೇ, ಇಪ್ಪತ್ತೆಂಟನೇ ದಿನ ಮತ್ತೆ ಹಾಕಬೇಕು. ಒಂದು ಸಣ್ಣ ಬಾಟಲಿಯನ್ನು ಒಡೆದರೆ ನಾಲ್ಕೈದು ಜನಕ್ಕೆ ಬರುತ್ತದೆ, ಅದೂ ಕೆಲವೇ ಗಂಟೆಗಳೊಳಗೆ ಮುಗಿಯಬೇಕು. ಆದ್ದರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ನರ್ಸುಗಳು ಹೇಳುವ ಮಾತು ಒಂದೇ: ‘ಫೋನ್ ಬರುತ್ತೆ, ಆಗ ಬನ್ನಿ.’ ಆ ಫೋನು ನಮ್ಮದು.

ನಾನು ಬರುವ ಮೊದಲು ಈ ಕೆಲಸವನ್ನು ನಸ್ರೀನ್ ಎಂಬ ಹೆಣ್ಣುಮಗಳು ಒಂದು ಸಾಮಾನ್ಯ ಮೊಬೈಲ್ ಸಿಮ್ಮಿನಿಂದಲೇ ನಡೆಸುತ್ತಿದ್ದಳು. ಚಳ್ಳಕೆರೆ ಪೇಟೆಯ ಮೆಕ್ಯಾನಿಕ್ ಒಬ್ಬರ ಮಗಳು. ಮನೆಯಲ್ಲಿ ಉರ್ದು, ಫೋನಿನಲ್ಲಿ ಕನ್ನಡ, ಮೊಳಕಾಲ್ಮೂರು ಕಡೆಗೆ ಅರ್ಧ ತೆಲುಗು. ಎರಡೂ ತಾಲ್ಲೂಕಿನ ಹಟ್ಟಿಗಳಲ್ಲಿ ಆ ಸಿಮ್ಮಿಗೆ ‘ಸೂಜಿ ನಂಬರು’ ಎಂದೇ ಹೆಸರು. ಅದು ಮೂರು ರಿಂಗಾದರೆ ಜನ ಚಪ್ಪಲಿ ಹುಡುಕುತ್ತಿದ್ದರಂತೆ.

ಆ ನಂಬರು ಸತ್ತದ್ದು ಸ್ವಂತ ರೋಗದಿಂದಲ್ಲ. ಸಂಸ್ಥೆಯ ಯಾರೋ ಉತ್ಸಾಹಿಗಳು ಅದೇ ಸಿಮ್ಮಿನಿಂದ ‘ನಮ್ಮ ಶಿಬಿರಕ್ಕೆ ಬನ್ನಿ, ಸಕ್ಕರೆ ಪರೀಕ್ಷಿಸಿಕೊಳ್ಳಿ’ ಎಂದು ಊರೂರಿಗೆಲ್ಲ ಕರೆ ಹೊಡೆಸಿದರು. ಕಾಟ ತಡೆಯಲಾರದೆ ಜನ ದೂರು ಕೊಟ್ಟರು. ನೋಂದಣಿ ಇಲ್ಲದೆ ಸಾಮಾನ್ಯ ನಂಬರಿನಿಂದ ಪ್ರಚಾರದ ಕರೆ ಮಾಡಿದರೆ ಸಂಪರ್ಕ ಕಡಿದುಹಾಕುವುದು ನಿಯಮ. ಕಡಿದರು. ಆಮೇಲೆ ನನ್ನನ್ನು ಕರೆಸಿದರು.

ಓದುಗರಿಗೆ ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಲೇಬೇಕು. ವ್ಯಾಪಾರ ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ಸರಣಿ ಬೇರೆಯೇ ಇದೆ. ಅದನ್ನು ಕಂಡರೆ ಜನ ನೊಣ ಓಡಿಸಿದಂತೆ ಕೆಂಪು ಗುಂಡಿ ಒತ್ತುತ್ತಾರೆ. ಬ್ಯಾಂಕು, ವಿಮೆ, ಸರ್ಕಾರಿ ಸೇವೆಯಂಥವು ತಮ್ಮ ಗ್ರಾಹಕರಿಗೆ ಮಾಡುವ ಅಗತ್ಯದ ಕರೆಗಳಿಗೆ 1600ರ ಸರಣಿ. ಇದು ಮರ್ಯಾದಸ್ಥರ ಕೇರಿ. ಸರ್ಕಾರಿ ಯೋಜನೆಯ ಹೆಸರಿನಲ್ಲಿ ನಮಗೂ ಅಲ್ಲೊಂದು ಸೈಟು ಸಿಗುವಂತಿತ್ತು. ಸಂಸ್ಥೆಯನ್ನು ನೋಂದಾಯಿಸಬೇಕು, ಯಾವ ಕಾರಣಕ್ಕೆ ಕರೆ, ಏನು ಹೇಳುತ್ತೀರಿ ಎಂಬ ಒಕ್ಕಣೆಯನ್ನು ಮೊದಲೇ ಒಪ್ಪಿಸಬೇಕು, ಮುದ್ರೆ ಒತ್ತಿಸಬೇಕು. ನಾನು ಹುಟ್ಟಿದ್ದೇ ಇಂಥದ್ದಕ್ಕೆ. ಅರ್ಜಿಯಲ್ಲಿ ಒಂದು ಅಲ್ಪವಿರಾಮ ತಪ್ಪದಂತೆ ನೋಡಿಕೊಂಡೆ. ಶಿಬಿರದ ಪ್ರಚಾರಕ್ಕೆ 140, ಸೂಜಿಗೆ 1600 ಎಂದು ಎರಡನ್ನೂ ಬೇರ್ಪಡಿಸಿದೆ. ನಂಬರು ಬಂದ ದಿನ ಕಂಪ್ಯೂಟರಿಗೆ ಕುಂಕುಮವಿಟ್ಟು ತೆಂಗಿನಕಾಯಿ ಒಡೆದೆವು. ‘ಇನ್ನು ಮುಂದೆ ನಮ್ಮ ಧ್ವನಿಯನ್ನು ಯಾರೂ ಸಂಶಯಿಸುವಂತಿಲ್ಲ’ ಎಂದು ನಾನು ಮೂರು ಜನರ ಸಭೆಯನ್ನು ಉದ್ದೇಶಿಸಿ ಮಾತನಾಡಿದೆ.

ಒಂದೇ ವಾರದಲ್ಲಿ ನಸ್ರೀನ್ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸಾರ್, ಹಟ್ಟಿ ಕಡೆಯೋರು ಫೋನ್ ಎತ್ತತಾನೇ ಇಲ್ಲ. ಕಟ್ ಮಾಡ್ತಾರೆ.”

“ಅಭ್ಯಾಸವಾಗಬೇಕಮ್ಮ. ಕರಪತ್ರ ಹಂಚಿದ್ದೇವಲ್ಲ.”

“ಕರಪತ್ರದಾಗೆ ಮಂಡಕ್ಕಿ ಕಟ್ತಾ ಅವ್ರೆ ಸಾರ್. ಇನ್ನೊಂದು ಮಾತು. ನಮ್ಮ ಹೊಸ ನಂಬರಿಗೆ ವಾಪಸ್ ಮಾಡಿದ್ರೆ ಹೋಗಲ್ವಂತೆ.”

“ಹೋಗಬಾರದು. ಅದು ಹೊರಹೋಗುವ ಕರೆಗೆ ಮಾತ್ರ ಕೊಟ್ಟ ಸಂಪರ್ಕ. ಹಾಗಿರುವುದೇ ಶಿಸ್ತು.”

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕನ್ನಡಕ ಏರಿಸಿ ಕಡತಕ್ಕೆ ತಲೆ ಬಗ್ಗಿಸಿದೆ. ನಮ್ಮ ಕಾಲದ ಕಚೇರಿಗಳಲ್ಲಿ ಇದರ ಅರ್ಥ ‘ಮಾತು ಮುಗಿಯಿತು’ ಎಂದು. ಆ ಕನ್ನಡಕವನ್ನು ನಾನು ಈಗಲೂ ಕ್ಷಮಿಸಿಲ್ಲ.

ಮರುವಾರ, ಶನಿವಾರ ಬೆಳಿಗ್ಗೆ, ಮೊಳಕಾಲ್ಮೂರು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಿಂದ ನರ್ಸ್ ಫೋನ್ ಮಾಡಿದರು. ಬೋರಕ್ಕ ಎಂಬ ಕುರಿಗಾಹಿ ಹೆಂಗಸು. ಬಿ.ಜಿ. ಕೆರೆಯ ತವರಿಗೆ ಬಂದಿದ್ದಾಗ ಸೋಮವಾರ ನಾಯಿ ಕಚ್ಚಿತ್ತು. ಬಲಗೈಯ ಬೆರಳುಗಳಿಗೆ, ರಕ್ತ ಬರುವಂತೆ. ಗಾಯ ತೊಳೆದು ಮೊದಲ ಸೂಜಿ ಹಾಕಿ ಕಳಿಸಿದ್ದರು. ಅಂಥ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತಲೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿ ಬೇಕು. ಲಸಿಕೆ ಕೆಲಸ ಶುರುಮಾಡುವವರೆಗೆ ದೇಹಕ್ಕೆ ಅದೇ ಕಾವಲು. ಅದು ಅಂದು ಅಲ್ಲಿರಲಿಲ್ಲ. ತರಿಸಿ, ಗುರುವಾರ ಎರಡನ್ನೂ ಒಟ್ಟಿಗೆ ಕೊಡುವುದೆಂದಾಗಿತ್ತು. ಗುರುವಾರ ಆಕೆ ಬರಲಿಲ್ಲ.

“ಫೋನ್ ಮಾಡಿದ್ರಾ ಸಾರ್ ನೀವು?” ನರ್ಸ್ ಕೇಳಿದರು. “ಆ ನಾಯಿ ನಿನ್ನೆ ಸತ್ತೋಯ್ತು. ಜೊಲ್ಲು ಸುರಿಸ್ಕೊಂಡು, ನೀರು ಮುಟ್ಟದೆ. ಮೊದಲ ಸೂಜಿಯಿಂದ ಏಳು ದಿನ ದಾಟಿದ್ರೆ ಆ ಔಷಧಿ ಕೊಟ್ಟೂ ಪ್ರಯೋಜನ ಇಲ್ಲ.”

ಸೋಮವಾರದಿಂದ ಏಳು ದಿನ. ಅಂದು ಐದನೆಯದು.

ಕಂಪ್ಯೂಟರು ಸುಳ್ಳು ಹೇಳುವುದಿಲ್ಲ. ನಮ್ಮ ಪಟ್ಟಿಯಲ್ಲಿ ಬೋರಕ್ಕನ ಗಂಡ ಪಾಲಯ್ಯನ ನಂಬರಿಗೆ ಆರು ಕರೆ ಹೋಗಿದ್ದವು. ಆರಕ್ಕೂ ಎದುರು ‘ಗ್ರಾಹಕರು ಕಡಿತಗೊಳಿಸಿದ್ದಾರೆ’. ಈಗ ಮಾಡಿದರೆ ಸ್ವಿಚ್ ಆಫ್. ನಸ್ರೀನ್ ಬಿ.ಜಿ. ಕೆರೆಯ ತವರಿನವರನ್ನು ಹುಡುಕಿ ಕೇಳಿದಳು. ಬೋರಕ್ಕ ಮಂಗಳವಾರವೇ ಹೊರಟು ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿದ್ದ ಗಂಡನನ್ನೂ ಕುರಿಯನ್ನೂ ಸೇರಿಕೊಂಡಿದ್ದಳು.

“ಜೀಪ್ ತಗೊಂಡು ಹೋಗಾಣ ಸಾರ್,” ಎಂದಳು. ಅದು ಸಲಹೆಯಾಗಿರಲಿಲ್ಲ. ಸಲಹೆಗಾರ ಎದ್ದು ಹಿಂದೆ ನಡೆದ.

ಕಾವಲಿನಲ್ಲಿ ಈಗ ಹುಲ್ಲಿನಷ್ಟೇ ಕಾಂಪೌಂಡೂ ಬೆಳೆದಿದೆ. ಗೋಡೆಯ ಆಚೆ ವಿಜ್ಞಾನ ಸಂಸ್ಥೆಗಳು, ಈಚೆ ಕುರಿ. ಒಂದೂವರೆ ಗಂಟೆ ಸುತ್ತಿದೆವು. ಎರಡು ಹಿಂಡು ಸಿಕ್ಕವು, ಎರಡೂ ಬೇರೆಯವರವು. ಬಿಸಿಲು ನೆತ್ತಿಗೇರಿತು. ನಾನು ಮನಸ್ಸಿನಲ್ಲೇ ಗಂಟೆ ಎಣಿಸುತ್ತಿದ್ದೆ. ಕೊನೆಗೆ ಒಂದು ಜಾಲಿ ಮರದ ಕೆಳಗೆ ಪಾಲಯ್ಯ ಸಿಕ್ಕ. ಪಕ್ಕದಲ್ಲಿ ಬೋರಕ್ಕ, ಬೆರಳಿಗೆ ಸೀರೆಯಂಚಿನ ಬಟ್ಟೆ ಕಟ್ಟಿಕೊಂಡು, ಆಗಷ್ಟೇ ಹುಟ್ಟಿದ ಮರಿಯ ಮೈ ಒರೆಸುತ್ತಿದ್ದಳು.

ನಾನು ನೇರವಾಗಿ ಆಪಾದನೆಯಿಂದಲೇ ಆರಂಭಿಸಿದೆ. “ಆರು ಸಲ ಫೋನ್ ಮಾಡಿದ್ದೇವಪ್ಪ. ಆರು ಸಲವೂ ಕಟ್ ಮಾಡಿದ್ದೀಯ.”

“ಹೂಂ ಸಾರ್, ಕಟ್ ಮಾಡ್ದೆ. ಮಾಡಿ ವಾಪಸ್ ಕೊಟ್ನಲ್ಲ, ಆರು ಸಲಾನೂ!”

“ಕಟ್ ಮಾಡಿ ಯಾಕಪ್ಪ ವಾಪಸ್?”

ಅವನು ನನ್ನನ್ನು ಎಳೆಮಗುವನ್ನು ನೋಡುವಂತೆ ನೋಡಿದ. ಕುರಿ ಹಿಂಡಿನವರ ಫೋನಿನ ಶಿಷ್ಟಾಚಾರವನ್ನು ನನಗೆ ಮೊದಲ ಸಲ ವಿವರಿಸಿದವನು ಅವನೇ. ಹಿಂಡಿಗೊಂದು ಫೋನು. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ‘ಚೆನ್ನಾಗಿದ್ದೀವಿ’ ಎಂದರ್ಥ, ಎತ್ತಬಾರದು. ಎರಡು ರಿಂಗಾದರೆ ‘ಮಾತು ಐತೆ, ನೀನೇ ಮಾಡು’ ಎಂದು. ಗುರುತಿಲ್ಲದ ನಂಬರು ಬಂದರೆ ಮೊದಲು ಕಡಿಯಬೇಕು, ಆಮೇಲೆ ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟು ನೋಡಬೇಕು. ಆ ಕಡೆ ರಿಂಗಾದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ. ಅವನಿಗೆ ನಿಜವಾಗಿ ಬೇಕಾಗಿದ್ದರೆ ತಿರುಗಿ ಮಾಡುತ್ತಾನೆ. ಹಿಂದೆ ಓಟಿಪಿ ಕೇಳಿ ಹಟ್ಟಿಯವರನ್ನು ಯಾರೋ ಯಾಮಾರಿಸಿದ ಮೇಲೆ ಈ ಕಟ್ಟಳೆ ಇನ್ನೂ ಬಿಗಿಯಾಗಿತ್ತು.

“ನಿಮ್ಮ ನಂಬರಿಗೆ ವಾಪಸ್ ಕೊಟ್ರೆ ರಿಂಗೇ ಆಗಲ್ಲ ಸಾರ್. ಅಂಥಾ ನಂಬರೇ ಇಲ್ಲ ಅಂತ ಒಬ್ಳು ಹೇಳ್ತಾಳೆ. ಇಲ್ಲದ ನಂಬರಿಂದ ಫೋನ್ ಮಾಡೋನು ಕಳ್ಳನಲ್ದೆ ಇನ್ಯಾರು, ನೀವೇ ಹೇಳ್ರಿ?”

ನಾನು ಜೇಬಿನಿಂದ ನನ್ನ ಮೊಬೈಲು ತೆಗೆದು, ಕಾಯಿ ಒಡೆದು ಪ್ರತಿಷ್ಠಾಪಿಸಿದ ಆ ನಂಬರನ್ನು ಜೀವಮಾನದಲ್ಲಿ ಮೊದಲ ಸಲ ಒತ್ತಿದೆ. ‘ನೀವು ಕರೆ ಮಾಡಿರುವ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದು ಹೆಣ್ಣುಧ್ವನಿಯೊಂದು ಬಹಳ ಗೌರವದಿಂದ ತಿಳಿಸಿತು. ಸ್ಪೀಕರಿನಲ್ಲಿತ್ತು. ಪಾಲಯ್ಯ ಕೇಳಿಸಿಕೊಂಡ. ಕುರಿಗಳೂ ಕೇಳಿಸಿಕೊಂಡವು. ಎಕ್ಸ್‌ಚೇಂಜುಗಳಲ್ಲೇ ಕೂದಲು ನೆರೆಸಿಕೊಂಡ ನಾನು ಮೊಬೈಲನ್ನು ಮತ್ತೆ ಜೇಬಿಗೆ ಸೇರಿಸಿದೆ.

ಅಷ್ಟರಲ್ಲಿ ನಸ್ರೀನ್ ಬೋರಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

“ಅಕ್ಕಾ, ನಾನು ಸೂಜಿ ನಂಬರಿನ ನಸ್ರೀನು.”

“ಅಯ್ಯೋ, ನೀನೇನವ್ವ? ದನಿ ಕೇಳಿದಂಗೇ ಐತೆ. ಎಲ್ಲೋಗಿದ್ದೆ ಇಷ್ಟು ದಿನ?”

“ಇಲ್ಲೇ ಇದ್ದೆ. ನಂಬರ್ ಬದಲಾಯ್ತು. ಹೊರಡು ಅಕ್ಕಾ, ಸೂಜಿ ಐತೆ.”

“ಗಾಯ ಮಾಗೈತೆ ಬಿಡು. ಇನ್ನೆರಡು ಕುರಿ ಮರಿ ಹಾಕಾವವೆ. ನಾಳಿದ್ದು ಬರ್ತೀನಿ.”

“ಅಕ್ಕಾ, ಆ ನಾಯಿ ಸತ್ತೈತೆ.”

ಬೋರಕ್ಕ ಮರಿಯನ್ನು ನಿಧಾನವಾಗಿ ಕೆಳಗಿಟ್ಟಳು. ಬಟ್ಟೆ ಕಟ್ಟಿದ ಕೈಯನ್ನು ತನ್ನದಲ್ಲವೆಂಬಂತೆ ಒಂದು ಗಳಿಗೆ ನೋಡಿದಳು. ಕುರಿ ಹಿಂಡಿನಲ್ಲಿ ಹುಟ್ಟಿ ಬೆಳೆದವರಿಗೆ ಹುಚ್ಚುನಾಯಿಯ ಸಾವು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಗಂಡನ ಕಡೆ ತಿರುಗಿದಳು.

“ಲೇ, ಕಪ್ಪು ಕುರಿ ಇವತ್ತೇ ಹಾಕ್ತೈತೆ, ನೋಡ್ಕೋ,” ಎಂದಳು.

ಆರೋಗ್ಯ ಕೇಂದ್ರಕ್ಕೆ ವಾಪಸು ಹೋಗುವಷ್ಟು ವ್ಯವಧಾನವಿಲ್ಲದೆ ಚಳ್ಳಕೆರೆಗೇ ಕರೆತಂದೆವು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧಿ ಇತ್ತು. ಬೆರಳುಗಳಿಗೆ ಒಂದೊಂದಾಗಿ ಚುಚ್ಚುವಾಗ ಆಕೆ ನಸ್ರೀನಳ ಮುಂಗೈ ಹಿಡಿದಿದ್ದಳು. ಉಗುರಿನ ಗುರುತು ಸಂಜೆಯವರೆಗೆ ಇತ್ತು. ನಾನು ವೈದ್ಯರನ್ನು ಹೊರಗೆ ಕೇಳಿದೆ, “ಇನ್ನು ಭಯವಿಲ್ಲ ಅಲ್ವಾ ಡಾಕ್ಟ್ರೇ?”

“ಮೊದಲ ದಿನವೇ ಕೊಟ್ಟಿದ್ರೆ ಹೂಂ ಅಂತಿದ್ದೆ. ತಡವಾಗಿದೆ. ಉಳಿದ ಸೂಜಿ ಒಂದೂ ತಪ್ಪಬಾರದು. ಕೆಲವು ತಿಂಗಳು ಕಳೀಲಿ,” ಎಂದರು. ಸುಳ್ಳು ಸಮಾಧಾನ ಹೇಳದ ವೈದ್ಯರ ಮೇಲೆ ಗೌರವವೂ ಸಿಟ್ಟೂ ಒಟ್ಟಿಗೇ ಬಂತು.

ಸೋಮವಾರ ನಾನು ಮಾಡಿದ ಮೊದಲ ಕೆಲಸ, ನಸ್ರೀನಳ ಮೇಜಿಗೆ ನಾನೇ ಹೋಗಿ ನಿಂತದ್ದು. ಕ್ಷಮೆ ಕೇಳುವುದು ನಮ್ಮ ಕಾಲದ ಸೇವಾ ನಿಯಮಗಳಲ್ಲಿ ಇರಲಿಲ್ಲ. ಆದ್ದರಿಂದ “ನೀನು ಅವತ್ತು ಹೇಳಬೇಕೆಂದಿದ್ದು ಏನು?” ಎಂದು ಕೇಳಿದೆ. ಅವಳು ಹೇಳಿದಳು, ನಾನು ಬರೆದುಕೊಂಡೆ. 1600ರ ಸರಣಿ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಅದರ ಜೊತೆ ಒಳಬರುವ ಕರೆಗೆಂದೇ ಒಂದು ಸ್ಥಿರ ದೂರವಾಣಿ ಹಾಕಿಸಿದೆವು. ಅದಕ್ಕೆ ಯಾರ ಮಿಸ್ಡ್ ಕಾಲ್ ಬಂದರೂ ನಸ್ರೀನ್ ತಿರುಗಿ ಮಾಡಬೇಕು. ಮುಖ್ಯವಾದ ಬದಲಾವಣೆ ಇನ್ನೊಂದು. ಮೊದಲ ಸೂಜಿ ಹಾಕುವ ಹೊತ್ತಿಗೇ, ಕಚ್ಚಿಸಿಕೊಂಡವರು ನರ್ಸ್ ಎದುರು ಕೂತಿರುವಾಗಲೇ, ನಮ್ಮ 1600ರಿಂದ ಅವರ ಫೋನಿಗೊಂದು ಕರೆ. ನರ್ಸ್ ಅದನ್ನು ತೋರಿಸಿ, ‘ಇದೇ ಸೂಜಿ ನಂಬರು, ವಾಪಸ್ ಹೋಗಲ್ಲ, ಆದ್ರೆ ನಮ್ದೇ’ ಎಂದು ಹೇಳಿ, ಅದನ್ನೂ ಸ್ಥಿರ ದೂರವಾಣಿಯ ನಂಬರನ್ನೂ ಹೆಸರು ಹಾಕಿ ಅವರ ಫೋನಿನಲ್ಲಿ ಉಳಿಸಿಕೊಡಬೇಕು. ಓದು ಬಾರದವರಿಗೆ ಸೂಜಿಯ ಚಿತ್ರ.

ಬೋರಕ್ಕನ ಸೂಜಿಗಳು ಒಂದೂ ತಪ್ಪದೆ ಮುಗಿದವು. ಆದರೆ ‘ಕೆಲವು ತಿಂಗಳು’ ಎಂಬ ವೈದ್ಯರ ಮಾತು ನನ್ನೊಳಗೆ ಮುಗಿದಿರಲಿಲ್ಲ. ಕೊನೆಯ ಸೂಜಿಯ ದಿನ ಅವಳನ್ನು ಕೇಳಿಕೊಂಡೆ, ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ರಿಂಗು ಕೊಡಬೇಕೆಂದು. ಕೊಡುತ್ತಿದ್ದಳು. ಕರೆ ಎತ್ತಿಸುವುದೇ ಕಸುಬಾಗಿದ್ದ ನಾನು, ಎತ್ತಬಾರದ ಒಂದು ಕರೆಗಾಗಿ ಕಾಫಿ ಆರಿಸಿಕೊಂಡು ಕೂರುತ್ತಿದ್ದೆ.

ಮೂರನೇ ತಿಂಗಳಿನ ಒಂದು ಸೋಮವಾರ ರಿಂಗು ಬರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ನಾನೇ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮಧ್ಯಾಹ್ನದ ಊಟ ಸೇರಲಿಲ್ಲ. ಹೆಂಡತಿ ಮುದ್ದೆಯ ಬಗ್ಗೆ ಟೀಕೆಯೆಂದು ತಿಳಿದಳು. ಮಂಗಳವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು. ಒಂದು ರಿಂಗು. ನಿಲ್ಲಲಿಲ್ಲ. ಎರಡು. ನಿಂತಿತು.

ಎರಡೆಂದರೆ ಮಾತು ಐತೆ. ತಿರುಗಿ ಮಾಡಿದೆ. ಪಾಲಯ್ಯ ಎತ್ತಿದರೆ ಏನು ಕೇಳುವುದು?

ಎತ್ತಿದವಳು ಬೋರಕ್ಕನೇ. ಹಿಂದೆ ಕುರಿಗಳ ಸದ್ದು.

“ಸಾರ್, ನಿನ್ನೆ ಸಿಗ್ನಲ್ ಇರ್ಲಿಲ್ಲ, ಹೆದರಿಕಂಡ್ರಾ? ನಾನು ಚೆನ್ನಾಗಿವ್ನಿ. ಇಲ್ಲಿ ಪಕ್ಕದ ಹಿಂಡಿನಾಗೆ ಒಬ್ಳಿಗೆ ನಾಯಿ ಕಚ್ಚೈತೆ, ಮೊದಲ ಸೂಜಿ ಹಾಕ್ಸಿದೀನಿ. ಆ ಇಲ್ಲದ ನಂಬರಿಂದ ಅವಳಿಗೂ ಫೋನ್ ಬರ್ತೈತಲ್ಲ, ಕಟ್ ಮಾಡ್ಬ್ಯಾಡ ಅಂತ ಹೇಳಿದೀನಿ. ನಸ್ರೀನವ್ವಂಗೆ ತಿಳಿಸ್ರಿ.”

ನಂಬರಿಗೆ ಸರಣಿ ಕೊಡುವುದು ಸರ್ಕಾರ, ಮುದ್ರೆ ಒತ್ತುವುದು ಕಚೇರಿ. ಅದು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮಾತ್ರ ಆ ಕಡೆ ಫೋನು ಹಿಡಿದ ಕೈ. ಅಷ್ಟು ವರ್ಷ ತಂತಿ ಎಳೆದೂ ನನಗೆ ತಿಳಿಯದಿದ್ದ ಈ ವಿಷಯವನ್ನು ಜಾಲಿ ಮರದ ಕೆಳಗೆ ಕಲಿತೆ. ಈಗ ಯಾವ ಸಂಸ್ಥೆಯವರು ನಂಬರಿನ ಸಲಹೆಗೆ ಬಂದರೂ, ಕಡತ ತೆರೆಯುವ ಮೊದಲು ನಾನು ಹೇಳುವುದು ಒಂದೇ: “ಮೊದಲು ಅದಕ್ಕೆ ನೀವೇ ಒಂದು ವಾಪಸ್ ಮಾಡಿ ನೋಡಿ.”

ಸೋಮವಾರದ ಆ ಒಂದು ರಿಂಗು ಈಗಲೂ ಬರುತ್ತದೆ. ನಿಲ್ಲಿಸೆಂದು ನಾನೂ ಹೇಳಿಲ್ಲ, ನಿಲ್ಲಿಸಲೇ ಎಂದು ಅವಳೂ ಕೇಳಿಲ್ಲ.