ಅಥರ್ವನಿಗೊಂದು ಗೊಂಬೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗೊಂಬೆಗಳ ಹುಚ್ಚು ಹಿಡಿದಿದೆ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ನನಗಿನ್ನೂ ಐವತ್ತೆಂಟು. ಎರಡು ವರ್ಷ ಮುಂಚಿತವಾಗಿ ಬಂದಿದೆ, ಅಷ್ಟೇ. ಸುಂಕದಕಟ್ಟೆಯ ಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಮೂವತ್ತು ವರ್ಷಗಳಿಂದ ಮಕ್ಕಳ ಬ್ಯಾಗಿನಿಂದ ಬುಗುರಿ, ಗೋಲಿ, ರಬ್ಬರ್ ಹಲ್ಲಿ, ಬಣ್ಣದ ಕಾರು ಎಲ್ಲವನ್ನೂ ಕಿತ್ತುಕೊಂಡು ಸ್ಟಾಫ್ ರೂಮಿನ ಬೀರುವಿಗೆ ಸೇರಿಸಿದವನು. ಆ ಮಕ್ಕಳ ಶಾಪವೇ ಈಗ ತಟ್ಟಿರಬೇಕು.

ಚಿಕ್ಕ ಮಕ್ಕಳ ಗಿಲಕಿಯ ಮಾತಲ್ಲ ಇದು. ಈಗ ನಮ್ಮ ಕಡೆಯೂ ದೊಡ್ಡವರಿಗೆಂದೇ ಆಟಿಕೆ ಅಂಗಡಿಗಳು ಬಂದಿವೆ. ಯಾರೋ ಕಲಾವಿದ ಒಂದು ವಿಚಿತ್ರ ಪ್ರಾಣಿಯನ್ನು ಕಲ್ಪಿಸಿಕೊಂಡು, ಅದಕ್ಕೊಂದು ಅಳುಮುಖವನ್ನೋ ಚೂಪು ಹಲ್ಲನ್ನೋ ಕೊಟ್ಟು, ಹೆಬ್ಬೆರಳಿನಷ್ಟುದ್ದ ಮಾಡಿ ಬಿಟ್ಟಿರುತ್ತಾನೆ. ರಾಜಾಜಿನಗರದ ಮಾಲ್‌ನಲ್ಲಿ ಅವು ಗಾಜಿನ ಕಪಾಟಿನೊಳಗೆ ದೀಪದ ಕೆಳಗೆ ಒಡವೆಗಳ ಹಾಗೆ ನಿಂತಿರುತ್ತವೆ. ಬೆಲೆ ಕೇಳಿದರೆ ಒಡವೆ ಅಂಗಡಿಗೇ ಹೋಗಬಹುದಿತ್ತು ಅನ್ನಿಸುತ್ತದೆ. ಕೆಂಗೇರಿಯಲ್ಲಿ ಒಂದು ಅಂಗಡಿ ಮೊಬೈಲ್ ರಿಪೇರಿಯವನ ಹಿಂದುಗಡೆ ಅಡಗಿಕೊಂಡಿದೆ. ನನಗೆ ಹೆಚ್ಚು ಒಗ್ಗಿದ್ದು ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ನಿನ ಹತ್ತಿರ, ಬ್ಲೌಸ್ ಹೊಲಿಯುವವರ ಮಹಡಿಯ ಮೇಲಿರುವ ಬಸವರಾಜನ ಅಂಗಡಿ. ಗದಗದ ಕಡೆಯವನು, ಇನ್ನೂ ಮೂವತ್ತರ ವಯಸ್ಸು. ಮೆಟ್ಟಿಲು ಹತ್ತಿ ಏದುಸಿರು ಬಿಡುವ ಗಿರಾಕಿಗೆ ಮೊದಲು ಸ್ಟೂಲು ಕೊಟ್ಟು, ನೀರು ಕೊಟ್ಟು, ಆಮೇಲೆ ಗೊಂಬೆ ತೋರಿಸುತ್ತಾನೆ.

ಅವನಲ್ಲಿ ಮುಚ್ಚಿದ ಡಬ್ಬಿಗಳೇ ಹೆಚ್ಚು. ಒಳಗೆ ಯಾವ ಗೊಂಬೆ ಇದೆಯೆಂದು ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಕಾಲೇಜಿನ ಹುಡುಗರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಮಗಾ, ಇದು ಇಯರ್‌ಫೋನ್ ಹಾಕ್ಕೊಂಡಿರೋದೇ ಕಣೋ’ ಎಂದು ತೀರ್ಪು ಕೊಡುತ್ತಾರೆ. ತೆಂಗಿನಕಾಯಿ ಆರಿಸುವುದರಲ್ಲಿ ನಲವತ್ತು ವರ್ಷದ ಅನುಭವವಿರುವ ನಾನು ಸುಮ್ಮನಿರಲಾದೀತೇ? ನಾನೂ ಅಲ್ಲಾಡಿಸಿದೆ. ನೀರು ಎಷ್ಟಿದೆ ಎಂದಷ್ಟೇ ತಿಳಿಯುವ ಕಿವಿ ನನ್ನದು, ಏನೂ ತಿಳಿಯಲಿಲ್ಲ.

ಈ ಶಾಸ್ತ್ರದಲ್ಲಿ ಇನ್ನೊಂದು ಮಡಿಯಿದೆ. ಡಬ್ಬಿಯನ್ನು ಒಡೆದರೆ ಬೆಲೆ ಹೋಯಿತು. ನಿಜವಾದ ಸಂಗ್ರಾಹಕ ಒಡೆಯುವುದಿಲ್ಲ ಎಂದು ಯಾರೋ ನನ್ನ ತಲೆಗೆ ತುಂಬಿದರು. ಗಣಿತದ ಮೇಷ್ಟ್ರಿಗೆ ನಿಯಮವೆಂದರೆ ನಿಯಮ. ಮನೆಯ ಬೀರುವಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಹಿಂದೆ ಹದಿನಾಲ್ಕು ಡಬ್ಬಿಗಳನ್ನು ಬಚ್ಚಿಟ್ಟೆ. ಹದಿನಾಲ್ಕು ಗೊಂಬೆಗಳ ಒಡೆಯನಾದ ನಾನು ಒಂದರ ಮುಖವನ್ನೂ ನೋಡಿರಲಿಲ್ಲ.

ಇಷ್ಟೇ ಆಗಿದ್ದರೆ ಹುಚ್ಚು ಎಂದು ಬಿಡಬಹುದಿತ್ತು. ಆದರೆ ಜೊತೆಗೊಂದು ಸುಳ್ಳೂ ಸೇರಿಕೊಂಡಿತು. ಮೊದಲ ದಿನವೇ ಬಸವರಾಜ ‘ಮೊಮ್ಮಗಗ ಏನ್ರೀ ಸರ?’ ಎಂದು ಕೇಳಿದ. ಸುತ್ತ ಹುಡುಗರು ನಿಂತಿದ್ದರು. ನರೆತ ಮೀಸೆ ಇಟ್ಟುಕೊಂಡು ‘ನನಗೇ’ ಎನ್ನಲು ನಾಚಿಕೆಯಾಗಿ ‘ಹೂಂ’ ಎಂದೆ. ಹೆಸರು ಕೇಳಿದ. ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು. ಅದರಲ್ಲಿದ್ದ ಮೊದಲನೆಯ ಹೆಸರನ್ನೇ ಹೇಳಿದೆ: ‘ಅಥರ್ವ’. ವಯಸ್ಸು? ನಾಲ್ಕು. ಅಲ್ಲಿಂದ ಮುಂದೆ ಪ್ರತಿ ಸಲವೂ ಅಥರ್ವನಿಗೆ ಕೆಮ್ಮು ಬಂತು, ಹಲ್ಲು ಅಲ್ಲಾಡಿತು, ಹೊಸ ಸೈಕಲ್ ಬಂತು. ವಯಸ್ಸನ್ನು ಮಾತ್ರ ಹೆಚ್ಚಿಸಲು ಮರೆತಿದ್ದೆ. ಒಂದು ದಿನ ಬಸವರಾಜ, ‘ಸರ, ಹ್ವಾದ ವರ್ಷಾನೂ ನಾಕ ಅಂದಿದ್ರಿ’ ಎಂದ. ಗಣಿತದ ಮೇಷ್ಟ್ರಾದ ನಾನು ಕೂಡುವ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದೆ.

ಮೊಮ್ಮಗ ನಮಗಿಲ್ಲ. ಮಕ್ಕಳೇ ಇಲ್ಲದವರಿಗೆ ಎಲ್ಲಿಂದ ಬರಬೇಕು? ಆ ವಿಷಯವನ್ನು ನಾನೂ ನನ್ನ ಹೆಂಡತಿ ಪದ್ಮಳೂ ಮಾತಾಡಿ ಮುಗಿಸಿ ಬಹಳ ವರ್ಷಗಳಾದವು. ಹುಚ್ಚು ಗೊತ್ತಾದರೆ ನಕ್ಕಾಳು. ಸುಳ್ಳು ಅವಳ ಕಿವಿಗೆ ಬಿದ್ದರೆ ಮುಗಿಸಿದ ಮಾತು ಮತ್ತೆ ಏಳುತ್ತದೆ ಎಂದು ನನಗೆ ನಿಜವಾದ ಭಯವಿತ್ತು.

ಪದ್ಮಳೂ ಗೊಂಬೆಯವಳೇ. ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಾಳೆ. ಬಸವೇಶ್ವರನಗರದ ನಮ್ಮ ಹಾಲಿನಲ್ಲಿ ಏಳು ಮೆಟ್ಟಿಲು ಏಳುತ್ತವೆ. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ಅವಳಿಗೆ ಅವಳ ಅಮ್ಮನಿಂದ, ಅಮ್ಮನಿಗೆ ಅಜ್ಜಿಯಿಂದ ಬಂದ ಜೋಡಿ. ಮುಂದೆ ಯಾರಿಗೆ ಎಂಬುದನ್ನು ನಾವು ಆಡುವುದಿಲ್ಲ. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು ಎಂಬುದು ಪದ್ಧತಿ. ಯಾರಿಗೂ ಕೊಡುವಂತಿಲ್ಲದಿದ್ದರೂ ಅವಳು ಒಂದು ವರ್ಷವೂ ತಪ್ಪಿಸಿಲ್ಲ.

ಹೋದ ನವರಾತ್ರಿಯ ಒಂದು ಮಧ್ಯಾಹ್ನ ಅವಳು ಕೆಳಗಿನ ಮೆಟ್ಟಿಲಿನ ಸೆಟ್ಟಿ ಗೊಂಬೆಯ ಅಂಗಡಿಯ ಮುಂದೆ ಪುಟ್ಟ ಪುಟ್ಟ ಅಕ್ಕಿ ಬೇಳೆ ಜೋಡಿಸುತ್ತಿದ್ದಳು. ಬೆಲ್ ಆಯಿತು. ಬಾಗಿಲಲ್ಲಿ ಬಸವರಾಜ. ಯಾವುದೋ ಬಿಲ್ಲಿಗೆ ನಾನೇ ವಿಳಾಸ ಬರೆಸಿದ್ದೆ. ಈ ಕಡೆ ಬಂದವನು ನೋಡಿ ಹೋಗೋಣ ಎಂದು ಬಂದಿದ್ದ. ಕೈಯಲ್ಲೊಂದು ಡಬ್ಬಿ. ನಾನು ಬಾಯಿ ತೆರೆಯುವುದರೊಳಗೆ ಅವನು ಪದ್ಮಳಿಗೆ ಕೈಮುಗಿದು ಕೇಳಿಬಿಟ್ಟ:

‘ಅಮ್ಮಾರ, ಅಥರ್ವ ಎಲ್ಲಿದಾನ್ರಿ? ಹಬ್ಬಕ್ಕ ಅವಗೊಂದ ಸಣ್ಣ ಗೊಂಬಿ ತಂದೇನ್ರಿ.’

ಪದ್ಮ ನನ್ನನ್ನು ನೋಡಿದಳು. ನಾನು ಸೆಟ್ಟಿಯ ತಕ್ಕಡಿಯನ್ನು ನೋಡಿದೆ. ನಕಲು ಚೀಟಿಯ ಸಮೇತ ಸಿಕ್ಕಿಬಿದ್ದ ಹುಡುಗರನ್ನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ಈಗ ಬೆಂಚಿನ ಮೇಲೆ ನಿಲ್ಲುವ ಸರದಿ ನನ್ನದು.

‘ಈಗಷ್ಟೇ ಮಲಗ್ದ ಕಣಪ್ಪ,’ ಎಂದಳು ಪದ್ಮ. ‘ಇಲ್ಲಿ ಕೊಡು, ಎದ್ದ ಮೇಲೆ ಕೊಡ್ತೀನಿ.’

ಅವನನ್ನು ಕೂರಿಸಿ, ಗೊಂಬೆ ಹಬ್ಬದ ತಿಂಡಿ ಚರ್ಪು ಕೊಟ್ಟು, ಊರಿನ ಸಮಾಚಾರ ವಿಚಾರಿಸಿ ಕಳಿಸಿದಳು. ಮಗು ಮಲಗಿದೆಯೆಂದು ಅವನು ಅಷ್ಟು ಹೊತ್ತೂ ಪಿಸುಮಾತಿನಲ್ಲೇ ಮಾತಾಡಿದ. ಬಾಗಿಲು ಹಾಕಿಕೊಂಡ ಮೇಲೆ ನಾನು ಎಲ್ಲವನ್ನೂ ಒಪ್ಪಿಸಿದೆ, ಬೀರುವಿನ ಹದಿನಾಲ್ಕು ಡಬ್ಬಿಗಳನ್ನೂ ಸೇರಿಸಿ. ಡಬ್ಬಿಗಳ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಆ ಬೀರುವಿನ ಧೂಳು ಹೊಡೆಯುವವಳು ಅವಳೇ ಎಂಬುದನ್ನು ನಾನು ಮರೆತಿದ್ದೆ.

ಸೆಟ್ಟಿಯ ಮುಂದೆ ಇನ್ನೊಂದು ಚಿಟಿಕೆ ಬೇಳೆ ಇಟ್ಟು ಹೇಳಿದಳು: ‘ಹೆಸರಿಡೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು.’

ಹಾಗೆಂದವಳು ಸಂಗ್ರಾಹಕರ ಶಾಸ್ತ್ರವನ್ನೆಲ್ಲ ಮೂಲೆಗೊತ್ತಿ, ಬಸವರಾಜನ ಡಬ್ಬಿಯನ್ನು ಹಾಲಿನ ಪ್ಯಾಕೆಟ್ಟಿನಂತೆ ಮೂಲೆ ಹಿಡಿದು ಹರಿದಳು. ನೋಡಲಿಕ್ಕಾಗದ ಗೊಂಬೆ ಯಾತಕ್ಕೆ ಎಂಬುದು ಅವಳ ವಾದ. ಒಳಗಿನಿಂದ ಮೊಲದ ಕಿವಿಯ, ಒಂದೇ ಹಲ್ಲಿನ ಪೋಕರಿಯೊಬ್ಬ ಹೊರಬಂದ. ಬೆಳಕಿಗೆ ಹಿಡಿದು ನೋಡಿ, ‘ಮೂಗು ನಿಮ್ಮದೇ’ ಎಂದಳು. ಆಮೇಲೆ ಪದ್ಧತಿಯನ್ನೂ ಮುರಿದು, ಯಾರನ್ನೂ ಸೇರಿಸದ ಮೇಲಿನ ಮೆಟ್ಟಿಲಿನಲ್ಲಿ, ರಾಜ ರಾಣಿಯ ನಡುವೆ ಅವನನ್ನು ಕೂರಿಸಿದಳು. ಉಳಿದ ಹದಿನಾಲ್ಕನ್ನೂ ಸಂಜೆಯೊಳಗೆ ಇಬ್ಬರೂ ಕೂತು ಒಡೆದೆವು. ಹಾನಿ ಅಪಾರ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಈಗ ಅತ್ತಿಗುಪ್ಪೆಗೆ ಇಬ್ಬರೂ ಹೋಗುತ್ತೇವೆ. ಡಬ್ಬಿ ಅಲ್ಲಾಡಿಸುವುದು ಪದ್ಮಳ ಕೆಲಸ. ಅವಳ ಕಿವಿಯೂ ತೆಂಗಿನಕಾಯಿಯದೇ. ಅಥರ್ವನಿಗೆ ಈಗ ಐದು ತುಂಬಿದೆ. ಮಗು ಎಷ್ಟು ವರ್ಷ ನಾಲ್ಕರಲ್ಲೇ ಇರಬೇಕು ಎಂದು ಅವಳೇ ಸರಿಮಾಡಿಸಿದಳು. ಬರುವ ಜೂನಿನಲ್ಲಿ ಶಾಲೆಗೆ ಹಾಕಬೇಕು. ನಮ್ಮ ಶಾಲೆಗೇ ಸೇರಿಸೋಣ ಎಂದೆ. ಅವಳು ಸುತರಾಂ ಒಪ್ಪುತ್ತಿಲ್ಲ. ಅಲ್ಲೊಬ್ಬ ಗಣಿತದ ಮೇಷ್ಟ್ರು ಮಕ್ಕಳ ಬ್ಯಾಗಿನಿಂದ ಆಟದ ಸಾಮಾನು ಕಿತ್ತುಕೊಳ್ಳುತ್ತಾರಂತೆ.